ಬೇಲಿಗೆ ಪಂಪ್‌ಸೆಟ್ಟಿನ ಕರೆಂಟು ಬೇಡ

ಚಿ. ಈರಣ್ಣನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಗೋವಿನಜೋಳ ಎರಡೆಲೆ ಬಿಡುವುದರೊಳಗೆ ಚಿಗರಿ (ಕೃಷ್ಣಮೃಗ) ಹಿಂಡು ಹೊಕ್ಕು ಸಾಲಿಗೆ ಸಾಲೇ ಚಿವುಟಿ ಹೋದವು, ಪಂಪ್‌ಸೆಟ್ಟಿನ ಕರೆಂಟನ್ನೇ ಬೇಲಿಗೆ ಕೊಡಲೇ ಎಂದು ಕೇಳಿದ್ದಿ. ಅದೊಂದನ್ನು ಮಾತ್ರ ಮಾಡಬೇಡ, ತಮ್ಮಾ. ಆ ಕರೆಂಟು ಬಿಡುವಿಲ್ಲದೆ ಹರಿಯುತ್ತದೆ, ಸ್ನಾಯು ಬಿಗಿದು ಹಿಡಿಯುತ್ತದೆ. ಮುಟ್ಟಿದ ಜೀವ ಬಿಡಿಸಿಕೊಳ್ಳಲಾರದು. ರಾತ್ರಿ ಪಾಳಿಯಲ್ಲಿ ನೀರು ಹಾಯಿಸಲು ಹೋದವ ನೀನೋ ಚಿಗರಿಯೋ ಎಂದು ತಂತಿ ನೋಡುವುದಿಲ್ಲ. ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಕೊಂದರೆ 3ರಿಂದ 7 ವರ್ಷ ಜೈಲು.

ಮೊದಲು ಅವು ಯಾಕೆ ಬರುತ್ತವೆ ತಿಳಿದುಕೋ. ಚಿಗರಿ ಬಯಲಿನ ಪ್ರಾಣಿ, ಕಣ್ಣೇ ಅದರ ಕಾವಲು, ಹಗಲು ಮೇಯುವುದು ಅದರ ರೂಢಿ. ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಅಭಯಾರಣ್ಯ 1974ರಲ್ಲಿ ಆದದ್ದು ಅದಕ್ಕೆಂದೇ. ಆದರೆ ಹುಲ್ಲಿದ್ದ ನೆಲಕ್ಕೆ ನೀಲಗಿರಿ ನೆಟ್ಟವರೂ ನಾವೇ. ಅದರ ಬುಡದಲ್ಲಿ ಮೇವೂ ಸಾಲದು, ದೂರಕ್ಕೆ ಕಣ್ಣೂ ಹಾಯದು. ನಿನ್ನ ಎಳೆ ಪೈರಿನಲ್ಲಿ ಎರಡೂ ಸಿಗುತ್ತವೆ. ಹಗಲು ಕೂಗಿ ಓಡಿಸಿದೆಯೋ, ಕತ್ತಲಲ್ಲಿ ಬರುವುದು ಕಲಿಯುತ್ತದೆ. ಇದು ನಮ್ಮೂರಿನ ಕಥೆಯಷ್ಟೇ ಅಲ್ಲ: 62 ಜಾತಿಯ ಸಸ್ತನಿಗಳ ಮೇಲಿನ ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ನೋಡಿದಾಗ, ಮನುಷ್ಯರ ಓಡಾಟವಿದ್ದಲ್ಲಿ ಅವುಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಆಗಿತ್ತು.

ಪಟಾಕಿ, ಬೆದರುಬೊಂಬೆಗಳೂ ಅಷ್ಟೇ. ಸದ್ದಿನ ಹಿಂದೆ ಏನೂ ಬರುವುದಿಲ್ಲ ಎಂದು ನಾಲ್ಕು ದಿನಕ್ಕೆ ತಿಳಿದುಬಿಡುತ್ತದೆ. ಬೊಂಬೆ ಇಟ್ಟರೆ ಎರಡು ದಿನಕ್ಕೊಮ್ಮೆ ಜಾಗ ಬದಲಿಸು.

ಬ್ಯಾಟರಿಯಿಂದ ಬೇಲಿ ತಂತಿಗೆ ಬಿಟ್ಟು ಬಿಟ್ಟು ಕರೆಂಟಿನ ಏಟು ಕೊಡುವ ಝಟಕಾ ಮಷಿನ್ ಹಾಕಿಸು. ಅದರಲ್ಲಿ ವೋಲ್ಟು ಸಾವಿರಗಟ್ಟಲೆ ಇದ್ದರೂ ಏಟು ಒಂದು ಕ್ಷಣದ್ದು, ಸುಮಾರು ಸೆಕೆಂಡಿಗೊಂದು. ನಡುವಿನ ಬಿಡುವಿನಲ್ಲಿ ಪ್ರಾಣಿ ಹಿಂದೆ ಹಾರುತ್ತದೆ, ಸಾಯುವುದಿಲ್ಲ. ಬೇಲಿ ಕೆಡುವುದು ಹೆಚ್ಚಾಗಿ ಅರ್ಥಿಂಗ್‌ನಿಂದ. ತಂತಿಯ ಕರೆಂಟು ಪ್ರಾಣಿಯ ಮೈಯಿಂದ ನೆಲಕ್ಕಿಳಿದು ಮಷಿನ್‌ಗೆ ಮರಳಿದರೆ ಮಾತ್ರ ಏಟು. ಮಸಾರಿ (ಕೆಂಪು) ನೆಲ ಒಣಗಿದಾಗ ಆ ದಾರಿಯೇ ಕಡಿದುಹೋಗುತ್ತದೆ, ಒಣ ಗೊರಸಿಗೆ ಏನೂ ತಟ್ಟುವುದಿಲ್ಲ. ಅದಕ್ಕೇ ಅರ್ಥಿಂಗ್‌ಗೆ ಮೂರು ಸರಳು ನೆಲಕ್ಕೆ ಬಡಿಸು, ಒಂದರಿಂದೊಂದು ಹತ್ತು ಅಡಿ ದೂರ, ಬೇಸಿಗೆಯಲ್ಲಿ ಬುಡಕ್ಕೆ ನೀರು ಹಾಕು. ತಂತಿಗಳನ್ನು ಒಂದು ಕರೆಂಟಿನದು, ಒಂದು ಅರ್ಥಿಂಗ್‌ನದು ಎಂದು ಬಿಟ್ಟು ಬಿಟ್ಟು ಎಳಿ. ಎರಡೂ ಮೈಗೆ ತಾಗಿದರೆ ನೆಲದ ಹಂಗಿಲ್ಲ. ಚಿಗರಿ ನೆಗೆಯುವುದಕ್ಕಿಂತ ನುಸುಳುವುದೇ ಹೆಚ್ಚು, ಆದ್ದರಿಂದ ಕೆಳಗಿನ ತಂತಿ ನೆಲದಿಂದ ಒಂದು ಗೇಣಿನೊಳಗೇ ಇರಲಿ, ಅದು ಕರೆಂಟಿನದೇ ಆಗಲಿ. ಆ ತಂತಿಗೆ ಹುಲ್ಲು ತಾಗಿದರೆ ಏಟು ಸೋರಿಹೋಗುತ್ತದೆ. ವಾರಕ್ಕೊಮ್ಮೆ ಕುಡಗೋಲು ಹಿಡಿದು ಒಂದು ಸುತ್ತು ಬಾ.

ಬಿತ್ತಿದ ದಿನದಿಂದಲೇ ಮಷಿನ್ ಚಾಲೂ ಇರಲಿ. ತಂತಿಗೆ ಬಿಳಿ ಅರಿವೆಯ ಚೂರು ಕಟ್ಟು, ಮೂಸಲಿಕ್ಕೆ ಬಂದು ಹಸಿ ಮೂಗಿಗೆ ಏಟು ತಿಂದ ಚಿಗರಿ ಆ ಗೆರೆ ಮರೆಯುವುದಿಲ್ಲ. ಎರಡು ರಾತ್ರಿ ಬ್ಯಾಟರಿ ಇಳಿದು ತಂತಿ ಸತ್ತಿತ್ತೋ, ಹಿಂಡು ದಾರಿ ಮಾಡಿಕೊಂಡಿತೆಂದೇ ತಿಳಿ.

ಪೈರು ಎದೆಯೆತ್ತರ ಬಂದ ಮೇಲೆ ಚಿಗರಿ ಒಳಗೆ ಬರಲು ಅಂಜುತ್ತದೆ, ಮರೆಯಲ್ಲಿ ಏನಿದೆಯೋ ಕಾಣದಲ್ಲ! ಆಗ ತೆನೆಯ ಹಾಲುಗಾಳು ತಿನ್ನಲು ಕಾಡುಹಂದಿ ಬರುತ್ತದೆ. ಬೇಲಿ ಅದೇ, ಕಾವಲಿನ ಹೊತ್ತು ಬೇರೆ.

ಬದುವಿನ ಹುಲ್ಲಲ್ಲಿ ಮರಿಯೊಂದೇ ಮಲಗಿದ್ದರೆ ಎತ್ತಿಕೊಂಡು ಬರಬೇಡ. ತಾಯಿ ಬಚ್ಚಿಟ್ಟು ಮೇಯಲು ಹೋಗಿರುತ್ತದೆ, ಹಾಲೂಡಲು ಬಂದೇ ಬರುತ್ತದೆ. ನಿನ್ನ ನಾಯಿಯನ್ನೂ ರಾತ್ರಿ ಕಟ್ಟಿಹಾಕು. ಸತ್ತ ದನವನ್ನು ಹಳ್ಳಕ್ಕೆ ಎಸೆಯದೆ ಹೂಳು. ಅದನ್ನು ತಿಂದು ಗುಂಪುಗಟ್ಟಿದ ಬೀದಿನಾಯಿಗಳು ಚಿಗರಿಯನ್ನು ಅಟ್ಟಿ ಕೊಲ್ಲುತ್ತವೆ, ತೋಳಗಳಿಗೆ ರೋಗ ಹಚ್ಚುತ್ತವೆ.

ಈಗ ಆದ ಹಾನಿಗೆ ಫೋಟೋ ತೆಗೆದಿಟ್ಟು, ಉತಾರ (ಪಹಣಿ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಪರಿಹಾರದ ಅರ್ಜಿ ಕೊಡು. ಅವರು ಬಂದು ನೋಡುವ ತನಕ ಹರಗಬೇಡ. ಮಷಿನ್ ಕೊಳ್ಳುವ ಮೊದಲು ಹೊಲದ ಸುತ್ತಳತೆ ಅಳೆದು ತಿಳಿಸು. ಎಷ್ಟು ಸಾಲು ತಂತಿ ಎಂಬುದನ್ನೂ ಬರಿ.

ನಿನ್ನ ಕಾಕಾ