ಹಳೆ ಕಪಾಟುಗಳನ್ನು ತೂಕಕ್ಕೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಲ್ಲೇಶ್ವರ, ಬಸವನಗುಡಿ, ಜಯನಗರದ ಹಳೆ ಮನೆಗಳು ಉರುಳುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹೆಂಚು, ರೆಡ್ ಆಕ್ಸೈಡ್ ನೆಲ, ಕಿಟಕಿ ಮೇಲಿನ ಚೂಪು ಮರದ ಚಾವಣಿಯಾದ ಮಂಕಿ ಟಾಪ್ ಹೋಯಿತಲ್ಲ ಎಂದು ಜನ ಮರುಗುತ್ತಾರೆ. ಸರಿಯೇ. ಆದರೆ ಆ ಮನೆಗಳ ಒಳಗಿದ್ದ ಕಪಾಟು, ಸೈಡ್‌ಬೋರ್ಡು, ಶೋಕೇಸು ಎಲ್ಲಿಗೆ ಹೋದವು ಎಂದು ಯಾರೂ ಕೇಳುವುದಿಲ್ಲ. ಬಹಳಷ್ಟು ಗುಜರಿಗೆ ಹೋಗುತ್ತವೆ, ಉಳಿದವು ಒಲೆಗೆ.

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. 1950 ಮತ್ತು 60ರ ದಶಕದ ಕಪಾಟುಗಳನ್ನು ಹುಡುಕಿ ತಂದು, ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದು ನನ್ನ ಹವ್ಯಾಸ. ಕೆತ್ತನೆಯ ಬೀಟೆ ಮಂಚ, ತೂಗುಮಂಚಕ್ಕೆ ಗಿರಾಕಿಗಳು ಇದ್ದೇ ಇದ್ದಾರೆ. ನಾನು ಹೇಳುತ್ತಿರುವುದು ಕೆತ್ತನೆಯೇ ಇಲ್ಲದ, ನೇರ ಗೆರೆಯ ಸಾಮಾನಿನ ಬಗ್ಗೆ. ಕೆಳಕ್ಕೆ ಹೋದಂತೆ ಸಣ್ಣಗಾಗಿ ಹೊರಕ್ಕೆ ಚಾಚಿದ ಕಾಲು. ಪಕ್ಕಕ್ಕೆ ಸರಿಯುವ ಬಾಗಿಲು. ಹಿಡಿಯ ಬದಲು ಬಾಗಿಲ ಅಂಚಿನಲ್ಲೇ ಕೊರೆದ ಬೆರಳಗಲದ ತೋಡು. ನೋಡಿದವರು ‘ಇದರಲ್ಲಿ ಏನಿದೆ?’ ಅನ್ನುತ್ತಾರೆ. ಕೆತ್ತನೆ ಇದ್ದರೆ ತಪ್ಪನ್ನು ಅದರಡಿ ಮುಚ್ಚಬಹುದು. ಇಲ್ಲಿ ಅಳತೆ ಒಂದು ಕೂದಲೆಳೆ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಅಂಥ ಕೆಲಸ ಸುಮ್ನೆ ಬರುವುದಿಲ್ಲ.

ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಮನೆಯಲ್ಲಿ ಸಾಮಾನು ಇಡುವುದು ಹೇಗೆ ಎಂದು ಹಲವು ದೇಶಗಳಲ್ಲಿ ಹೊಸದಾಗಿ ಯೋಚಿಸಿದರು. 1945ರಲ್ಲಿ ಅಮೆರಿಕದ ವಿನ್ಯಾಸಕಾರ ಜಾರ್ಜ್ ನೆಲ್ಸನ್ ಗೋಡೆಯನ್ನೇ ಕಪಾಟಾಗಿಸುವ ವಿಚಾರ ಮುಂದಿಟ್ಟರು. 1948ರಲ್ಲಿ ಡೆನ್ಮಾರ್ಕಿನ ಪೌಲ್ ಕಾಡೋವಿಯಸ್ ಕಪಾಟನ್ನು ನೆಲದಿಂದ ಎತ್ತಿ ಗೋಡೆಗೆ ತೂಗುಹಾಕಿದರು. ಜರ್ಮನಿಯ ಡೀಟರ್ ರಾಮ್ಸ್ 1960ರಲ್ಲಿ ರೂಪಿಸಿದ ಗೋಡೆ ಶೆಲ್ಫು ಇವತ್ತಿಗೂ ತಯಾರಾಗುತ್ತಿದೆ. ಸ್ಟೀಲು, ಪ್ಲೈವುಡ್ಡಿನ ಬಿಡಿ ಖಾನೆಗಳನ್ನು ಜೋಡಿಸಿ ಕಪಾಟು ಮಾಡಿದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ನಮ್ಮ ದೇಶಕ್ಕೇ ಬಂದು, 1958ರಲ್ಲಿ ಸರ್ಕಾರಕ್ಕೆ ವಿನ್ಯಾಸದ ಬಗ್ಗೆ ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ನಮ್ಮೂರಿನಲ್ಲೂ ಅದೇ ಕಾಲ. ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಶುರುವಾದವು: ವಿಮಾನದ ಎಚ್‌ಎಎಲ್ 1940ರಲ್ಲಿ, ಟೆಲಿಫೋನಿನ ಐಟಿಐ 1948ರಲ್ಲಿ, ಯಂತ್ರೋಪಕರಣದ ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸಿನ ಬಿಇಎಲ್ 1954ರಲ್ಲಿ. ಕೈಗೆ ಸಂಬಳ ಬಂತು, ಇರಲು ಕ್ವಾರ್ಟರ್ಸು ಬಂತು. ಸಣ್ಣ ಕೋಣೆಗೆ ಹಗುರವಾದ, ಕೆಳಗೆ ಕಸ ಗುಡಿಸಲು ಜಾಗ ಬಿಡುವ ಕಪಾಟು ಬೇಕಿತ್ತು. ಇಲ್ಲಿನ ಆಚಾರಿಗಳು ತೇಗದಲ್ಲಿ, ಬೀಟೆಯಲ್ಲಿ ಅದನ್ನು ಮಾಡಿಕೊಟ್ಟರು. ಮಾಡಿದವರ ಹೆಸರು ಎಲ್ಲೂ ಇಲ್ಲ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರಗಳಿಗೆ ಸಂಗ್ರಹಾಲಯ ಇದೆ, ನೋಡಿ ಸಂತೋಷಪಟ್ಟಿದ್ದೇನೆ. ರಾತ್ರಿ ಆ ಗಡಿಯಾರ ಬಿಚ್ಚಿಡುತ್ತಿದ್ದ ಕಪಾಟಿಗೂ ಒಂದು ಕೋಣೆ ಬೇಡವೇ?

ಚಂಡೀಗಢದಲ್ಲಿ ಏನಾಯಿತು ಎಂಬುದನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. ಅಲ್ಲಿನ ಸರ್ಕಾರಿ ಕಚೇರಿಗಳಿಗೆಂದು, ಆ ನಗರ ಕಟ್ಟಿದ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಪಿಯರ್ ಜೆನರೆ ಮತ್ತು ಅವರ ಜೊತೆಗಾರರು ತೇಗದಲ್ಲಿ ಕುರ್ಚಿ, ಮೇಜು, ಕಪಾಟು ಮಾಡಿಸಿದ್ದರು. ಹಳತಾಯಿತು ಎಂದು ಕಚೇರಿಗಳು ಅವನ್ನು ರದ್ದಿ ಹರಾಜಿಗೆ ಹಾಕಿದವು. ವಿದೇಶಿ ವ್ಯಾಪಾರಿಗಳು ಕೊಂಡು, ಪಾಲಿಶ್ ಹಾಕಿಸಿ, ಹೊರಗೆ ಲಕ್ಷಗಟ್ಟಲೆಗೆ ಮಾರಿದರು. ಅವು ದೇಶ ಬಿಟ್ಟು ಹೋಗದಂತೆ ಕೇಂದ್ರ ಗೃಹ ಸಚಿವಾಲಯ ಆದೇಶ ಮಾಡಿದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಹೋಗಿಬಿಟ್ಟಿತ್ತು. ಆ ಕುರ್ಚಿಗಳ ಬೆನ್ನಿಗೆ ಕಚೇರಿಯವರು ಬರೆದಿದ್ದ ಅಕ್ಷರ, ನಂಬರುಗಳೇ ಇವತ್ತು ಅದು ಅಸಲಿ ಎನ್ನಲು ಒಂದು ಸಾಕ್ಷಿ. ನಮ್ಮ ಕಚೇರಿಗಳ ಕಪಾಟಿನ ಮೇಲೂ ಬಿಳಿ ಪೇಂಟಿನ ನಂಬರು ಇರುತ್ತದೆ, ಅಲ್ವಾ? ಮನೆಗೆ ತಂದವರು ಮೊದಲು ಅದನ್ನೇ ಉಜ್ಜಿ ತೆಗೆಯುತ್ತಾರೆ. ದಯವಿಟ್ಟು ಬಿಡಿ. ಆ ಕಪಾಟು ಎಲ್ಲಿಂದ ಬಂತು ಎನ್ನಲು ಇರುವ ದಾಖಲೆ ಅದೊಂದೇ.

ನಗರದ ಒಂದು ಗ್ರಂಥಾಲಯ ಕಂಪ್ಯೂಟರಿಗೆ ಬದಲಾದಾಗ ಕಾರ್ಡ್ ಕ್ಯಾಟಲಾಗಿನ, ಅಂದರೆ ಪುಸ್ತಕಗಳ ವಿವರ ಬರೆದ ಚೀಟಿಗಳನ್ನು ಇಡುವ ತೇಗದ ಪೆಟ್ಟಿಗೆಯನ್ನು ಹೊರಗೆ ಹಾಕಿತು. ಸಾಲು ಸಾಲು ಪುಟ್ಟ ಡ್ರಾಗಳಿದ್ದ ದೊಡ್ಡ ಪೆಟ್ಟಿಗೆ. ವಿಷಯ ತಿಳಿದು ಹೋಗಿ ನೋಡಿದರೆ ಹಿತ್ತಾಳೆಯ ಚೀಟಿ ಚೌಕಟ್ಟುಗಳನ್ನು ಆಗಲೇ ಕಿತ್ತು ಕೆ.ಜಿ. ಲೆಕ್ಕದಲ್ಲಿ ಮಾರಿಯಾಗಿತ್ತು. ಮರ ಮಳೆಯಲ್ಲಿ ನೆನೆಯುತ್ತಿತ್ತು. ಒಂದು ಡ್ರಾ ಎಳೆದು ನೋಡಿದೆ. ಮೂಲೆಗಳಲ್ಲಿ ಒಂದೇ ಒಂದು ಮೊಳೆ ಇಲ್ಲ, ಎಲ್ಲ ಹಲ್ಲಿಗೆ ಹಲ್ಲು ಕೂಡಿಸಿದ ಡವ್‌ಟೇಲ್ ಕೆಲಸ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಇಟ್ಟುಕೊಂಡವರೂ ಕೆಲವೊಮ್ಮೆ ಪ್ರೀತಿಯಿಂದಲೇ ಕೆಡಿಸುತ್ತಾರೆ. ಮೇಲೆ ಸನ್‌ಮೈಕಾ ಅಂಟಿಸುತ್ತಾರೆ, ಇಲ್ಲವೇ ಮೆಷಿನ್ ಹಾಕಿ ಉಜ್ಜಿಸುತ್ತಾರೆ. ಆ ಕಾಲದ ಬೀಟೆ ಬಾಗಿಲು ಎಷ್ಟೋ ಸಲ ಪ್ಲೈವುಡ್ಡಿನ ಮೇಲೆ ಅಂಟಿಸಿದ ತೆಳು ಪದರ. ಮೆಷಿನ್ ಆಡಿಸಿದರೆ ಕ್ಷಣದಲ್ಲಿ ಪದರ ಹೋಗಿ ಪ್ಲೈ ಕಾಣುತ್ತದೆ, ಆಮೇಲೆ ಅದನ್ನು ಸರಿ ಮಾಡಲು ಆಗುವುದಿಲ್ಲ. ಮೊದಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಮುಟ್ಟಿಸಿದ ಹತ್ತಿಯಿಂದ ಒರೆಸಿ ನೋಡಿ. ಬಣ್ಣ ಕರಗಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಹಾಗಿದ್ದರೆ ಕೆರೆಯದೆ ಅದರ ಮೇಲೆಯೇ ಮತ್ತೆ ಅರಗಿನ ಪಾಲಿಶ್ ಮಾಡಿಸಬಹುದು. ಮಳೆಗಾಲದಲ್ಲಿ ಡ್ರಾ ಬಿಗಿಯಾದರೆ ತಕ್ಷಣ ಉಜ್ಜುಗೊರಡು ಹಿಡಿಯಬೇಡಿ. ಮರ ತೇವಕ್ಕೆ ಉಬ್ಬಿದೆ ಅಷ್ಟೆ. ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿದರೆ ಸಾಕು. ಗೆದ್ದಲು ಹಿಡಿದಿದ್ದರೆ ಮಾತ್ರ ತಡ ಮಾಡದೆ ಬೇರೆ ಮರದಿಂದ ದೂರ ಇಟ್ಟು ಔಷಧಿ ಹಾಕಿಸಿ.

ಸರ್ಕಾರಿ ಕಚೇರಿ, ಕಾರ್ಖಾನೆ, ಕಾಲೇಜುಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಹಳೆ ಮರದ ಸಾಮಾನನ್ನು ಮುರಿದ ಫ್ಯಾನು, ತಂತಿಯ ಜೊತೆ ಒಂದೇ ರಾಶಿಗೆ ಹಾಕಿ ಹರಾಜು ಮಾಡಬೇಡಿ. ಒಂದೊಂದಕ್ಕೂ ಫೋಟೊ ತೆಗೆದು, ನಂಬರು ಬರೆದು, ಬೇರೆ ಪಟ್ಟಿ ಮಾಡಿ. ಆ ಪಟ್ಟಿಯನ್ನು ಪುರಾತತ್ವ ಇಲಾಖೆಗೋ ಚಿತ್ರಕಲಾ ಪರಿಷತ್ತಿಗೋ ಒಂದು ಸಲ ತೋರಿಸಿ, ಆಮೇಲೆ ಮಾರಿ.

ಮನೆ ಖಾಲಿ ಮಾಡುವವರಿಗೂ ಒಂದು ಮಾತು. ಬೀಗದ ಕೈಯನ್ನು ದಾರ ಕಟ್ಟಿ ಕಪಾಟಿನ ಜೊತೆಗೇ ಕೊಡಿ. ಕೈ ಇಲ್ಲ ಎಂದು ಗುಜರಿಯವರು ಸುತ್ತಿಗೆಯಿಂದ ಹೊಡೆದು ತೆರೆಯುತ್ತಾರೆ. ಬಾಗಿಲು ಸೀಳುವುದು ಅಲ್ಲೇ.

– ನಿವೃತ್ತ ಚಿತ್ರಕಲಾ ಶಿಕ್ಷಕಿ, ಮಲ್ಲೇಶ್ವರ, ಬೆಂಗಳೂರು