ಸ್ಕಾಟ್ ತಂಡದ ಸೀಮೆಎಣ್ಣೆ ಲೆಕ್ಕ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ 1911–12ರಲ್ಲಿ ಪೈಪೋಟಿಯಲ್ಲಿ ದಕ್ಷಿಣ ಧ್ರುವಕ್ಕೆ ಹೋದ ಬ್ರಿಟನ್ನಿನ ಸ್ಕಾಟ್ ಮತ್ತು ನಾರ್ವೆಯ ಅಮುಂಡ್ಸೆನ್ ಕುರಿತ ಲೇಖನ ಓದಿದೆವು. ಬಾಗಲಕೋಟೆಯ ಬಿಸಿಲಲ್ಲಿ ಕುಳಿತು ಮೈನಸ್ 40 ಡಿಗ್ರಿಯ ಸುದ್ದಿ ಓದುವುದೇ ಒಂದು ಸುಖ, ಅದಕ್ಕೆ ಧನ್ಯವಾದ. ಆದರೆ ಧ್ರುವದಿಂದ ಮರಳುವಾಗ ಆದ ಸ್ಕಾಟ್ ಮತ್ತು ನಾಲ್ವರು ಸಂಗಡಿಗರ ಸಾವಿಗೆ ಲೇಖಕರು ಕೊಟ್ಟ ಕಾರಣ ಎರಡೇ: ಅನಿರೀಕ್ಷಿತ ಹಿಮಗಾಳಿ ಮತ್ತು ವಿಧಿ. ಹಿಮಗಾಳಿ ಬೀಸಿದ್ದು ಸುಳ್ಳಲ್ಲ. ಅದು ಬೀಸುವ ಹೊತ್ತಿಗೆ ಅವರ ಡಬ್ಬಿಯಲ್ಲಿ ಎಣ್ಣೆ ಇರಲಿಲ್ಲ, ಮೈಯಲ್ಲಿ ಕಸುವು ಇರಲಿಲ್ಲ, ಬೇಸಿಗೆ ಮುಗಿದುಹೋಗಿತ್ತು. ಇವು ಮೂರಕ್ಕೂ ಲೆಕ್ಕವಿದೆ.

ಮೊದಲು ಎಣ್ಣೆ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಹಿಮ, ಕುಡಿಯಲು ಒಂದು ಗುಟುಕು ನೀರಿಲ್ಲ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜನ್ನು ಬರೀ ಕರಗಿಸಲು ತಗಲುವ ಶಾಖದಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಮೈನಸ್ 40ರ ಹಿಮವಾದರೆ ಅದನ್ನು ಸೊನ್ನೆಗೆ ತರಲು ಇನ್ನೂ 20 ಡಿಗ್ರಿಯಷ್ಟು ಶಾಖ ಸೇರಿಸಬೇಕು. ಆಮೇಲೆ ಕುದಿಯಲು 100. ಒಟ್ಟು 200. ನಮ್ಮ ನಲ್ಲಿಯ ನೀರು 30 ಡಿಗ್ರಿ ಇರುತ್ತದೆ, ಚಹಾಕ್ಕೆ 70 ಏರಿಸಿದರೆ ಸಾಕು. ಅಂದರೆ ಅಲ್ಲಿ ಒಂದು ಕಪ್ ಚಹಾಕ್ಕೆ ಇಲ್ಲಿಯ ಹೆಚ್ಚೂಕಡಿಮೆ ಮೂರು ಪಟ್ಟು ಉರುವಲು. ಅದಕ್ಕೇ ಅವರು ಪ್ರೈಮಸ್ ಎಂಬ ಸೀಮೆಎಣ್ಣೆ ಸ್ಟೋವಿನ ಮೇಲೆ ನಾರ್ವೆಯ ಧ್ರುವಯಾತ್ರಿಕ ನಾನ್ಸೆನ್ ರೂಪಿಸಿದ ಅಲ್ಯೂಮಿನಿಯಂ ಕುಕ್ಕರ್ ಇಡುತ್ತಿದ್ದರು. ನಡುವಿನ ಪಾತ್ರೆಯಲ್ಲಿ ಅಡುಗೆ, ಅದರ ಸುತ್ತಲಿನ ಪಾತ್ರೆಯಲ್ಲಿ ಹಿಮ ಕರಗಿಸುವುದು, ಮೇಲೊಂದು ಮುಚ್ಚಳ. ಪಕ್ಕಕ್ಕೆ ಸೋರಿಹೋಗುವ ಬಿಸಿಯೂ ದಂಡವಾಗುತ್ತಿರಲಿಲ್ಲ. ಎಣ್ಣೆ ಮುಗಿದರೆ ಊಟ ತಣ್ಣಗಾಗುವುದಷ್ಟೇ ಅಲ್ಲ, ನೀರೇ ಇಲ್ಲ.

ಸ್ಕಾಟ್ ತಂಡದ ಸೀಮೆಎಣ್ಣೆ ಒಂದು ಗ್ಯಾಲನ್ನಿನ, ಅಂದರೆ ಸುಮಾರು ನಾಲ್ಕೂವರೆ ಲೀಟರಿನ ತಗಡಿನ ಡಬ್ಬಿಗಳಲ್ಲಿತ್ತು. ಬಿರಡೆಗೆ ಚರ್ಮದ ವಾಷರ್. ಪಂಪ್ ಸ್ಟೋವ್ ಬಳಸಿದ ನಮ್ಮ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ: ಚರ್ಮದ ವಾಷರ್ ಒಣಗಿದರೆ ಸಣ್ಣದಾಗುತ್ತದೆ, ಗಾಳಿ ಹಿಡಿಯುವುದಿಲ್ಲ, ಎಣ್ಣೆ ಸವರಿ ಮೆತ್ತಗೆ ಮಾಡಬೇಕು. ಅಂಟಾರ್ಕ್ಟಿಕಾದ ಒಣ ಚಳಿಯಲ್ಲಿ ಅದೇ ಆಯಿತು. ಬೇಗ ಕೈಗೆ ಸಿಗಲೆಂದು ಡಬ್ಬಿಗಳನ್ನು ಹಿಮದ ಗುಡ್ಡೆಯ ಮೇಲ್ಗಡೆ ಇಟ್ಟಿದ್ದರು. ಬೇಸಿಗೆಯಲ್ಲಿ 24 ಗಂಟೆಯೂ ಇರುವ ಬಿಸಿಲಿಗೆ ಎಣ್ಣೆ ಆವಿಯಾಗಿ ಬಿರಡೆಯ ಸಂದಿಯಿಂದ ಹೊರಟುಹೋಯಿತು. 1912ರ ಫೆಬ್ರವರಿ 24ರಂದು ಮರಳುವ ಹಾದಿಯ ಉಗ್ರಾಣ (ಊಟ, ಎಣ್ಣೆ ಮೊದಲೇ ಇಟ್ಟುಹೋದ ಹಿಮದ ಗುಡ್ಡೆ) ತಲುಪಿದಾಗ ಎಣ್ಣೆ ಕಡಿಮೆ. ಮಾರ್ಚ್ ಆರಂಭದಲ್ಲಿ ಮುಂದಿನದರಲ್ಲಿ ಇನ್ನೂ ಕಡಿಮೆ. ಅದರಾಚೆಯದರಲ್ಲೂ ಅದೇ ಹಾಡು. ಇದು ಹೊಸ ಸಂಗತಿಯೂ ಅಲ್ಲ. 1901–04ರ ತಮ್ಮ ಮೊದಲ ಯಾತ್ರೆಯಲ್ಲೇ ಸ್ಕಾಟ್ ಈ ಸೋರಿಕೆ ಕಂಡಿದ್ದರು. ಅಮುಂಡ್ಸೆನ್ ಅದೇ ತೊಂದರೆಗೆ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿಸಿದರು.

ಇನ್ನೊಂದು ಎಡವಟ್ಟು ಐದನೆಯ ಮನುಷ್ಯ. ಗುಡಾರ, ಆಹಾರದ ಪೊಟ್ಟಣ, ಎಣ್ಣೆ ಎಲ್ಲವೂ ನಾಲ್ಕು ಜನರ ಅಳತೆಗೆ ಕಟ್ಟಿದ್ದವು. ಕೊನೆಯ ಹಂತಕ್ಕೆ 1912ರ ಜನವರಿ ಮೊದಲ ವಾರದಲ್ಲಿ ಸ್ಕಾಟ್ ತಮ್ಮ ಜೊತೆಗಾರ ಬೋವರ್ಸ್ ಅವರನ್ನೂ ಸೇರಿಸಿಕೊಂಡರು. ಅವರ ಸ್ಕೀ ಅಷ್ಟರಲ್ಲಿ ಹಿಂದಿನ ಉಗ್ರಾಣದಲ್ಲಿ ಉಳಿದಿತ್ತು, ಉಳಿದವರು ಜಾರುವಲ್ಲಿ ಅವರು ಹಿಮದಲ್ಲಿ ಹೂತು ನಡೆಯಬೇಕಾಯಿತು. ಐವರಿಗೆ ಅಡುಗೆ ಮಾಡಲು ದಿನಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ ಎಂದು ಸ್ಕಾಟ್ ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಸ್ಟೋವ್ ಉರಿಯುವ ಅರ್ಧ ಗಂಟೆ ಎಂದರೆ ಎಣ್ಣೆಯೇ.

ಊಟದ ವಿಷಯಕ್ಕೆ ಬಂದರೆ, ಎತ್ತರದ ಪ್ರಸ್ಥಭೂಮಿಯಲ್ಲಿ ಒಬ್ಬರ ದಿನದ ಪಾಲು ಇಷ್ಟು: ಬಿಸ್ಕಿಟ್ 450 ಗ್ರಾಂ, ಪೆಮಿಕನ್ 340, ಬೆಣ್ಣೆ 57, ಸಕ್ಕರೆ 85, ಕೋಕೋ 16, ಚಹಾಪುಡಿ 24. ಪೆಮಿಕನ್ ಎಂದರೆ ಒಣಗಿಸಿ ಪುಡಿ ಮಾಡಿದ ದನದ ಮಾಂಸಕ್ಕೆ ಕೊಬ್ಬು ಕಲಸಿದ ಗಟ್ಟಿ. ಒಟ್ಟು ಒಂದು ಕಿಲೋಗೆ ತುಸು ಕಡಿಮೆ, ಸುಮಾರು 4,500 ಕ್ಯಾಲರಿ. ನೋಡಿದರೆ ಭರ್ಜರಿ. ಆದರೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಸ್ಲೆಡ್ಜ್ (ಹಿಮದ ಮೇಲೆ ಜಾರುವ ಬಂಡಿ) ಎಳೆಯುವವನಿಗೆ 6,000ಕ್ಕೂ ಹೆಚ್ಚು ಬೇಕು. ದಿನಕ್ಕೆ 1,500 ಕೊರತೆ ಎಂದರೆ ಐದು ದಿನಕ್ಕೆ ಮೈಯಿಂದ ಒಂದು ಕಿಲೋ ಇಳಿದಂತೆ. ಮೈನಸ್ 30ರ ಕೆಳಗೆ ಹೋದಾಗ ಎಳೆಯುವುದೂ ಕಷ್ಟ. ಸ್ಲೆಡ್ಜಿನ ಅಡಿಪಟ್ಟಿ ಉಜ್ಜಿದಾಗ ಹಿಮ ತುಸು ಕರಗಿ ನೀರಿನ ತೆಳು ಪದರ ಆಗಬೇಕು, ಆಗಲೇ ಜಾರುತ್ತದೆ. ಅಷ್ಟು ಚಳಿಯಲ್ಲಿ ಅದು ಕರಗುವುದಿಲ್ಲ, ಮರಳಿನ ಮೇಲೆ ಎಳೆದಂತಾಗುತ್ತಿತ್ತು ಎಂದು ಅವರ ದಿನಚರಿಯಲ್ಲಿದೆ.

ಆ ಊಟದ ಪಟ್ಟಿಯಲ್ಲಿ ‘ಸಿ’ ಜೀವಸತ್ವ ಇಲ್ಲ ಎಂಬುದನ್ನೂ ಗಮನಿಸಿ. ಅದು ಏನೆಂದು ಗೊತ್ತಾದದ್ದು 1930ರ ಆಸುಪಾಸಿನಲ್ಲಿ. ಆದರೆ ತಾಜಾ ಮಾಂಸ ತಿಂದವರಿಗೆ ಸ್ಕರ್ವಿ (ಆ ಜೀವಸತ್ವದ ಕೊರತೆಯಿಂದ ಬರುವ ರೋಗ) ಬರುವುದಿಲ್ಲ ಎಂಬುದು 1898ರಲ್ಲೇ ಬೆಲ್ಜಿಕಾ ಹಡಗು ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಬಿದ್ದಾಗ ಕಂಡುಬಂದಿತ್ತು. ವೈದ್ಯ ಫ್ರೆಡರಿಕ್ ಕುಕ್ ನಾವಿಕರಿಗೆ ಪೆಂಗ್ವಿನ್ ಮತ್ತು ಸೀಲ್ ಮಾಂಸ ತಿನ್ನಿಸಿ ಬದುಕಿಸಿದರು. ಆ ಹಡಗಿನಲ್ಲಿದ್ದ ತರುಣ ಅಧಿಕಾರಿ ಇದೇ ಅಮುಂಡ್ಸೆನ್. ಮುಂದೆ ತಮ್ಮ ತಂಡಕ್ಕೆ ಚಳಿಗಾಲವಿಡೀ ಸೀಲ್ ಮಾಂಸವನ್ನು ಅತಿಯಾಗಿ ಬೇಯಿಸದೆ ಬಡಿಸಿದರು. ಸ್ಕಾಟ್ ತಂಡದಲ್ಲಿ ಧ್ರುವದವರೆಗೆ ಹೋಗದೆ ಮೊದಲೇ ಮರಳಿದ ಲೆಫ್ಟಿನೆಂಟ್ ಇವಾನ್ಸ್‌ಗೆ ಸ್ಕರ್ವಿ ಹತ್ತಿ ನಿಲ್ಲಲೂ ಆಗದಂತಾಯಿತು. ಅವರ ಜೊತೆಗಿದ್ದ ಟಾಮ್ ಕ್ರೀನ್ ಮೂರು ಬಿಸ್ಕಿಟ್, ಎರಡು ತುಂಡು ಚಾಕೊಲೇಟ್ ಹಿಡಿದು ಸುಮಾರು 56 ಕಿ.ಮೀ. ಒಬ್ಬರೇ ನಡೆದು ಸಹಾಯ ತಂದದ್ದರಿಂದ ಇವಾನ್ಸ್ ಉಳಿದರು. ಲೇಖನದಲ್ಲಿ ಕ್ರೀನ್ ಹೆಸರೇ ಇರಲಿಲ್ಲ, ಬೇಸರವಾಯಿತು.

ಇನ್ನು ಬೇಸಿಗೆಯ ದಿನಗಳು ಕೈತಪ್ಪಿದ್ದು ಸ್ಲೆಡ್ಜ್ ಎಳೆಯಲು ತಂದ ಕುದುರೆಗಳಿಂದ. ಕುದುರೆಗೆ ಮೈಯೆಲ್ಲ ಬೆವರುತ್ತದೆ, ಬೆವರು ಮೈಮೇಲೇ ಹೆಪ್ಪುಗಟ್ಟುತ್ತದೆ, ಗೊರಸು ಹಿಮದಲ್ಲಿ ಹೂಳುತ್ತದೆ. ಚಳಿ ಇಳಿಯಲಿ ಎಂದು ಕಾದು ಸ್ಕಾಟ್ ಕುದುರೆಗಳೊಂದಿಗೆ ಹೊರಟದ್ದು 1911ರ ನವೆಂಬರ್ 1ಕ್ಕೆ. ಅಮುಂಡ್ಸೆನ್ 52 ನಾಯಿಗಳೊಂದಿಗೆ ಅಕ್ಟೋಬರ್ ಮೂರನೇ ವಾರದಲ್ಲೇ ಹೊರಟು, ಡಿಸೆಂಬರ್ 14ಕ್ಕೆ ಧ್ರುವ ಮುಟ್ಟಿ, ಜನವರಿ ಕೊನೆಯ ವಾರದಲ್ಲಿ ತಮ್ಮ ಶಿಬಿರ ಸೇರಿದರು. ಮರಳಿದ್ದು 11 ನಾಯಿ. ದಾರಿಯಲ್ಲಿ ಒಂದೇ ಕಡೆ 24 ನಾಯಿಗಳನ್ನು ಕೊಂದು ಉಳಿದ ನಾಯಿಗಳಿಗೂ ಮನುಷ್ಯರಿಗೂ ಊಟ ಮಾಡಿದರು. ಕ್ರೂರ ಲೆಕ್ಕ, ಆದರೆ ಮೊದಲೇ ಹಾಕಿದ್ದ ಲೆಕ್ಕ. ಅವರೂ ತಪ್ಪದವರೇನಲ್ಲ. ಸೆಪ್ಟೆಂಬರ್ 8ಕ್ಕೇ ಅವಸರಪಟ್ಟು ಹೊರಟು, ಮೈನಸ್ 50ರ ಕೆಳಗಿನ ಚಳಿಯಲ್ಲಿ ಹಿಮ್ಮಡಿ ಸುಟ್ಟುಕೊಂಡು ವಾಪಸ್ ಓಡಿಬಂದಿದ್ದರು.

ಕೊನೆಗೆ ಉಗ್ರಾಣ. ಸ್ಕಾಟ್ ತಂಡದ ‘ಒನ್ ಟನ್’ ಉಗ್ರಾಣ 80 ಡಿಗ್ರಿ ಅಕ್ಷಾಂಶದಲ್ಲಿ ಆಗಬೇಕಿತ್ತು. ಕುದುರೆಗಳು ಸೋತವೆಂದು 79 ಡಿಗ್ರಿ 29 ನಿಮಿಷಕ್ಕೇ ಇಳಿಸಿದರು. 31 ನಿಮಿಷ ಎಂದರೆ ಸುಮಾರು 57 ಕಿ.ಮೀ. ಐವರಲ್ಲಿ ಕೊನೆಗೆ ಉಳಿದಿದ್ದ ಸ್ಕಾಟ್, ವಿಲ್ಸನ್, ಬೋವರ್ಸ್ ಸತ್ತ ಗುಡಾರ ಆ ಉಗ್ರಾಣಕ್ಕೆ ಸುಮಾರು 20 ಕಿ.ಮೀ. ದಕ್ಷಿಣಕ್ಕಿತ್ತು. ಅಂದುಕೊಂಡ ಜಾಗದಲ್ಲೇ ಇಟ್ಟಿದ್ದರೆ ಅದನ್ನು ಅವರು ಆಗಲೇ ಮುಟ್ಟಿರುತ್ತಿದ್ದರು. ಅಮುಂಡ್ಸೆನ್ 80 ಡಿಗ್ರಿಯ ತಮ್ಮ ಉಗ್ರಾಣದ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಕಪ್ಪು ಬಾವುಟ ನೆಟ್ಟಿದ್ದರು, ಪ್ರತಿ ಬಾವುಟಕ್ಕೂ ಸಂಖ್ಯೆ. ದಿಕ್ಕು ಒಂದು ಡಿಗ್ರಿ ತಪ್ಪಿದರೂ 100 ಕಿ.ಮೀ. ನಡೆಯುವಷ್ಟರಲ್ಲಿ ಪಕ್ಕಕ್ಕೆ 1.7 ಕಿ.ಮೀ. ಸರಿದಿರುತ್ತೀರಿ, ಮಂಜು ಮುಸುಕಿದಾಗ ಒಂಟಿ ಬಾವುಟ ಕಾಣುವುದೇ ಇಲ್ಲ. ಅಡ್ಡಸಾಲಿನಲ್ಲಿ ಯಾವುದೋ ಒಂದು ಬಾವುಟ ಸಿಕ್ಕರೂ ಅದರ ಸಂಖ್ಯೆ ನೋಡಿ ಎತ್ತ ಹೊರಳಬೇಕು, ಎಷ್ಟು ದೂರ ಎಂದು ತಿಳಿಯುತ್ತದೆ.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಶಾಖದ ಪಾಠಕ್ಕೆ ಈ ಸೀಮೆಎಣ್ಣೆ ಲೆಕ್ಕವನ್ನೇ ಕೊಡಬಹುದು. ಮಕ್ಕಳು ಬಿಡಿಸುತ್ತಾರೆ.

ಇನ್ನೊಂದು ಸಣ್ಣ ತಿದ್ದುಪಡಿ: ಲೇಖನದ ಚಿತ್ರದಲ್ಲಿ ಪೆಂಗ್ವಿನ್ ಪಕ್ಕ ಹಿಮಕರಡಿ ನಿಂತಿದೆ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ ಮಾತ್ರ. ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ಅದನ್ನು ತೆಗೆಸಿ.

— ಇಬ್ಬರು ನಿವೃತ್ತ ವಿಜ್ಞಾನ ಶಿಕ್ಷಕರು,
ನವನಗರ, ಬಾಗಲಕೋಟೆ