ಪಾದ ಊರದ ಆರು ವಾರ

ಚಿಕ್ಕಬಳ್ಳಾಪುರ

ಕರ್ತನಲ್ಲಿ ಪ್ರೀತಿಯ ಮಗನಿಗೆ, ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಬಲಗಾಲಿನ ಹರಡಿನ ಹತ್ತಿರ ಎರಡೂ ಪಕ್ಕ ಮೂಳೆ ಮುರಿದು ಪ್ಲೇಟು, ಸ್ಕ್ರೂ ಕೂರಿಸಿದ್ದಾರೆ, ಆರು ವಾರ ಪಾದ ನೆಲಕ್ಕೆ ಊರಲೇಬಾರದು ಅಂದಿದ್ದಾರೆ ಎಂದು ನಿಮ್ಮಮ್ಮ ಹೇಳಿದಳು. ದಿನಾ ಕೋಲಾರದ ಮಂಡಿಗೆ ಟೊಮೆಟೊ ಲೋಡು ಹೊಡೆಯುತ್ತಿದ್ದವನು ಈಗ ಗೋಡೆ ಕಡೆ ತಿರುಗಿ ಮಲಗಿರುತ್ತಾನೆ, ಪ್ರಾರ್ಥನೆಗೆ ಕರೆದರೆ ನಿದ್ದೆ ಬಂದವನ ಹಾಗೆ ನಟಿಸುತ್ತಾನೆ ಅಂತಲೂ ಅಂದಳು. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಅಂದು ಇಟ್ಟುಬಿಡುತ್ತೀಯ. ಕಾಗದವಾದರೆ ಬೇಸರ ಕಳೆಯೋದಕ್ಕಾದರೂ ಓದುತ್ತೀಯ.

ಮೊದಲು ಒಂದು ಕೆಲಸ ಮಾಡು. ಸತ್ಯವೇದದಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರ, 4ನೇ ಅಧ್ಯಾಯ, 10ರಿಂದ 20ನೇ ವಚನದ ತನಕ ಒಂದೇ ಉಸಿರಿಗೆ ಓದು. 13ನೇ ವಚನವೊಂದನ್ನೇ ಓದಬೇಡ. ಅದನ್ನು ಕ್ಯಾಲೆಂಡರಿನಲ್ಲೂ ಆಟೋ ಗಾಜಿನ ಮೇಲೂ ನೋಡೀ ನೋಡೀ ನಮಗೆ ಅದರ ಹಿಂದುಮುಂದು ಮರೆತೇಹೋಗಿದೆ. ಬಲಪಡಿಸುವಾತನಲ್ಲಿ ಎಲ್ಲವೂ ನನ್ನಿಂದಾಗುತ್ತದೆ ಅಂತ ಪೌಲ ಹೇಳಿದ್ದು ಬೆಟ್ಟ ಹತ್ತುವುದಕ್ಕಲ್ಲ. ಮೇಲಿನ ಸಾಲಿನಲ್ಲೇ ಇದೆ ನೋಡು: ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಇದ್ದಾಗಲೂ ಇಲ್ಲದಾಗಲೂ ಬಾಳುವುದನ್ನು ಕುರಿತ ಮಾತು ಅದು. ಬರೆದಾಗ ಅವನು ಬೇಡಿ ಬಿದ್ದು ಸೆರೆಯಲ್ಲಿದ್ದ. ಊರೂರು ತಿರುಗುತ್ತಿದ್ದ ಮನುಷ್ಯ, ಒಂದು ಕಡೆ ಕೂರಬೇಕಾಗಿ ಬಂತು. ಆ ಸ್ಥಿತಿಯಲ್ಲೇ ತೃಪ್ತನಾಗಿರುವುದನ್ನು ಕಲಿತೆ ಅನ್ನುತ್ತಾನೆ. ಹುಟ್ಟುತ್ತಲೇ ಬಂತು ಅನ್ನುವುದಿಲ್ಲ, ಪ್ರಾರ್ಥಿಸಿದ ರಾತ್ರಿಯೇ ಬಂತು ಅಂತಲೂ ಅನ್ನುವುದಿಲ್ಲ.

ಇದನ್ನು ಕಲಿಯುವಾಗ ಜನ ಎರಡು ಕಡೆ ಜಾರುತ್ತಾರೆ. ಒಂದು, ನಂಬಿಕೆ ಇದೆ ಅಂತ ಮೂರನೇ ವಾರಕ್ಕೇ ಎದ್ದು ನಿಲ್ಲುವುದು. ಪ್ಲೇಟು ಮೂಳೆಯನ್ನು ಕೂಡಿಸುವುದಿಲ್ಲ ಕಣಪ್ಪ. ಮೂಳೆ ತಾನಾಗಿ ಕೂಡುವ ತನಕ ಅಲುಗಾಡದ ಹಾಗೆ ಹಿಡಿದಿರುತ್ತದೆ, ಅಷ್ಟೇ ಅದರ ಕೆಲಸ. ಕೂಡುವ ಮೊದಲೇ ಮೈಭಾರವೆಲ್ಲ ಅದರ ಮೇಲೆ ಬಿದ್ದರೆ, ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಬಗ್ಗಿಸಿ ತುಂಡರಿಸುವ ಹಾಗೆ ಆಗುತ್ತದೆ. ಸ್ಕ್ರೂ ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ. ನೋವಿಲ್ಲ ಅನ್ನುವುದು ಮೂಳೆ ಕೂಡಿದ ಗುರುತಲ್ಲ. ಎಕ್ಸರೇ ನೋಡಿ ಡಾಕ್ಟರು ಹೇಳಬೇಕು.

ಇನ್ನೊಂದು, ಎಲ್ಲ ದೇವರ ಚಿತ್ತ ಅಂತ ಕೈಕಾಲು ಚೆಲ್ಲಿ ಮಲಗುವುದು. ನೋಡಿದವರು ಎಂಥಾ ತಾಳ್ಮೆ ಅನ್ನುತ್ತಾರೆ. ಆದರೆ ಆರು ವಾರ ಹಾಗೇ ಬಿದ್ದಿದ್ದರೆ ತೊಡೆಯ ಸ್ನಾಯು ಕರಗಿ ಎಡಗಾಲಿಗಿಂತ ಸಣ್ಣಗಾಗುತ್ತದೆ, ಮಂಡಿ ಬಿಗಿಯುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ನನ್ನ ಕೇಳಿದರೆ ಈ ಎರಡನೆಯದೇ ಹೆಚ್ಚು ಮೋಸ. ಮೊದಲನೆಯದನ್ನು ಡಾಕ್ಟರಾದರೂ ಬೈದು ನಿಲ್ಲಿಸುತ್ತಾರೆ, ಇದಕ್ಕೆ ಭಕ್ತಿಯ ಹೆಸರಿದೆ. ಇವತ್ತಿಗೆ ಎಷ್ಟು ಅಪ್ಪಣೆ ಇದೆಯೋ ಅಷ್ಟನ್ನು ಪೂರ್ತಿ ಮಾಡುವುದು, ಅಪ್ಪಣೆ ಇಲ್ಲದ್ದಕ್ಕೆ ಕೈಚಾಚದಿರುವುದು; ನಿನ್ನ ಈಗಿನ ತೃಪ್ತಿಯ ಪಾಠ ಇಷ್ಟೇ.

ಅಪ್ಪಣೆ ಇರುವುದೇನು ಅಂತ ಬರೆಯುತ್ತೇನೆ. ಫಿಸಿಯೋದವರು ಬೇರೆ ಹೇಳಿದ್ದರೆ ಅವರದೇ ಸರಿ.

ಎಚ್ಚರವಿರುವಾಗ ಗಂಟೆಗೊಮ್ಮೆ ಕಾಲ್ಬೆರಳುಗಳನ್ನು 10 ಸಲ ಮಡಿಸಿ ಬಿಡು. ಮಂಡಿ ನೆಟ್ಟಗಿಟ್ಟು, ಹಾಸಿಗೆಗೆ ಒತ್ತಿ ತೊಡೆ ಬಿಗಿಹಿಡಿದು 5 ಎಣಿಸಿ ಬಿಡು, 10 ಸಲ. ಆಮೇಲೆ ಕಾಲನ್ನು ನೆಟ್ಟಗೇ ಒಂದು ಗೇಣು ಎತ್ತಿ, 5 ಎಣಿಸಿ, ನಿಧಾನ ಇಳಿಸು, ಇದೂ 10 ಸಲ. ಈ ಎರಡನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು. ಮಂಡಿಯನ್ನೂ ಮಡಿಸಿ ಚಾಚುತ್ತಿರು. ಮಲಗಿದಾಗ ದಿಂಬು ಮೀನಖಂಡದ ಉದ್ದಕ್ಕೂ ಇರಲಿ, ಪಾದ ಎದೆಗಿಂತ ಮೇಲಿರಲಿ, ಹಿಮ್ಮಡಿ ಗಾಳಿಯಲ್ಲಿರಲಿ. ಹಿಮ್ಮಡಿಗೇ ದಿಂಬು ಕೊಟ್ಟರೆ ಒತ್ತಿ ಒತ್ತಿ ಹುಣ್ಣಾಗುತ್ತದೆ. ಮಂಡಿಯ ಕೆಳಗೆ ಮಾತ್ರ ಕೊಟ್ಟರೆ ಮಂಡಿ ಮಡಿಸಿದಂತೆಯೇ ಬಿಗಿಯುತ್ತದೆ.

ಊರುಗೋಲಿನ ಅಳತೆ ನೋಡಿಸು. ಕಂಕುಳಿಗೂ ಕೋಲಿನ ತುದಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು, ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಭಾರ ಅಂಗೈ ಮೇಲೆ. ಕಂಕುಳಿನ ಮೇಲೆ ತೂಗುಬಿದ್ದರೆ ಅಲ್ಲಿಯ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ಪೆಟ್ಟಾದ ಕಾಲು ಮೊದಲು. ನಿಮ್ಮ ಮನೆಯ ಹೊಸಿಲು ಎತ್ತರ, ಬಚ್ಚಲಿನ ಕಲ್ಲು ಜಾರುತ್ತದೆ. ಬಚ್ಚಲಿಗೆ ಗಟ್ಟಿ ಪ್ಲಾಸ್ಟಿಕ್ ಕುರ್ಚಿ ಹಾಕಿಸು, ಕೂತೇ ನೀರು ಹುಯ್ದುಕೋ, ಕಾಲಿಗೆ ಕವರು ಕಟ್ಟಿ ಹೊರಗೆ ಚಾಚಿರಲಿ. ಕುಕ್ಕರುಗಾಲಿನಲ್ಲಿ ಕೂರೋ ಹಾಗಿಲ್ಲವಾದ್ದರಿಂದ ನಡುವೆ ತೂತಿರುವ ಕಮೋಡ್ ಕುರ್ಚಿ ತರಿಸು. ಇದಕ್ಕೆ ನಾಚಿಕೆ ಪಟ್ಟು ನೀರು ಕುಡಿಯೋದನ್ನೇ ಕಡಿಮೆ ಮಾಡುವವರಿದ್ದಾರೆ. ಆಮೇಲೆ ಮಲಬದ್ಧತೆ, ಅದಕ್ಕೆ ಇನ್ನೊಂದು ಮಾತ್ರೆ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ದೇವರು ಕಡಿಮೆ ಮಾಡಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದೊಡ್ಡ ಲೋಟ ಹಾಲಿನಲ್ಲಿ ಹತ್ತಿರ ಹತ್ತಿರ 300. ಬರೀ ಮುದ್ದೆ ಸಾಲದು, ಗಾಯ ಮಾಯಲು ಪ್ರೋಟೀನು ಬೇಕು. ನಿನ್ನಂಥ 60 ಕೆಜಿಯವನಿಗೆ ದಿನಕ್ಕೆ 60ರಿಂದ 70 ಗ್ರಾಂ ಅಂದುಕೋ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಹುರುಳಿಕಾಳಿನಲ್ಲಿ 10ರ ಮೇಲೆ. ಹುರುಳಿ ಸಾರಿನ ತಿಳಿಯನ್ನು ಮಾತ್ರ ಬಡಿಸಿ ಕಾಳು ಬೇರೆಯವರಿಗೆ ಹಾಕಬಾರದು ಅಂತ ಸೊಸೆಗೆ ಹೇಳು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡ, ಒಂದು ಬೆಳಿಗ್ಗೆ ಒಂದು ರಾತ್ರಿ. ಬೀಡಿ ಬಿಟ್ಟಿದ್ದೀಯ ಅಂತ ನಿಮ್ಮಮ್ಮ ನಂಬಿದ್ದಾಳೆ. ನಿಕೋಟಿನ್ನಿನಿಂದ ರಕ್ತನಾಳ ಕಿರಿದಾಗಿ ಮೂಳೆ ಕೂಡುವುದು ತಡವಾಗುತ್ತದೆ, ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಈ ಮೂರು ಹೊತ್ತಿನ ವ್ಯಾಯಾಮಕ್ಕೇ ಪ್ರಾರ್ಥನೆಯನ್ನೂ ಗಂಟು ಹಾಕು. ಬೇರೆ ಸಮಯ ಅಂತ ಇಟ್ಟುಕೊಂಡರೆ ಎರಡು ದಿನ ನಡೆದು ಮೂರನೇ ದಿನ ತಪ್ಪುತ್ತದೆ. ಬೆಳಿಗ್ಗೆಗೆ 13ನೇ ಕೀರ್ತನೆ ಒಳ್ಳೆಯದು. ನನ್ನನ್ನು ಎಷ್ಟರವರೆಗೆ ಮರೆತಿರುತ್ತೀ ಅಂತ ದೇವರನ್ನೇ ಮತ್ತೆ ಮತ್ತೆ ಕೇಳುತ್ತದೆ ಅದು. ನಿನ್ನ ಮನಸ್ಸಿನಲ್ಲಿ ಇರುವುದೂ ಅದೇ ತಾನೆ? ಗೋಡೆಗೆ ಹೇಳುವ ಬದಲು ಆತನಿಗೆ ಹೇಳು. ಅದೂ ಕಹಿಯಾಗಲಿಲ್ಲ ಅನ್ನಿಸಿದ ದಿನ 88ನೆಯದನ್ನು ತೆಗೆ, ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಸಮಾಧಾನದ ಸಾಲೇ ಇಲ್ಲ. ಅಂಥದ್ದನ್ನೂ ಸತ್ಯವೇದದೊಳಗೆ ಇಟ್ಟಿದ್ದಾರೆ, ನಿನ್ನ ಸಿಟ್ಟಿಗೆ ದೇವರು ಹೆದರುವುದಿಲ್ಲ. ಮಧ್ಯಾಹ್ನ ಆವತ್ತು ಸಿಕ್ಕಿದ ಒಂದು ಸಣ್ಣ ಒಳ್ಳೆಯದನ್ನು ನೋಟುಬುಕ್ಕಿನಲ್ಲಿ ಬರೆ. ದೇವರು ಒಳ್ಳೆಯವನು ಅಂತ ಬರೆಯಬೇಡ, ಅದು ಬರೆಯದಿದ್ದರೂ ನಿಜ. ಊತ ಇಳಿದು ಬೆರಳಿನ ಸುಕ್ಕು ಕಾಣಿಸಿತು, ಯಾರದೋ ಸಹಾಯವಿಲ್ಲದೆ ಬಚ್ಚಲಿಗೆ ಹೋಗಿಬಂದೆ, ಇಂಥದ್ದು ಬರೆ. ಸಂಜೆಗೆ 131ನೇ ಕೀರ್ತನೆ, ಮೂರೇ ವಚನ. ನೋವಿನಲ್ಲಿರುವವನಿಗೆ ಅದಕ್ಕಿಂತ ಉದ್ದ ಆಗುವುದೂ ಇಲ್ಲ.

ನೋವು ರಾತ್ರಿಯೇ ಜಾಸ್ತಿ ಅನ್ನಿಸುತ್ತದೆ, ಮನಸ್ಸು ಹೋಗೋದಕ್ಕೆ ಬೇರೆ ಜಾಗ ಇರುವುದಿಲ್ಲ ನೋಡು. ಮಾತ್ರೆ ನುಂಗುವುದು ನಂಬಿಕೆಯ ಕೊರತೆ ಅಂತ ಹಲ್ಲು ಕಚ್ಚಿಕೊಂಡಿರಬೇಡ. ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ತಗೋ. ಹಗಲು ನಿದ್ದೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಪ್ರವಾದಿ ಎಲೀಯನು ಸೋತು ಸಾಯಬೇಕು ಅಂದಾಗ ದೇವದೂತ ಉಪದೇಶ ಮಾಡಲಿಲ್ಲ, ಎದ್ದು ತಿನ್ನು ಅಂತ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದವನನ್ನು ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಆದರೆ ಎರಡು ವಾರವಾದರೂ ಊಟ ರುಚಿಸದೆ, ನಿದ್ದೆ ಬಾರದೆ, ಬದುಕೇ ಬೇಡ ಅನ್ನೋ ಯೋಚನೆ ಬಂದರೆ ಮುಚ್ಚಿಡಬೇಡ. ಡಾಕ್ಟರಿಗೆ ಹೇಳು, ಇಲ್ಲವೇ 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಯೋಚನೆ ಜೋರಾಗಿದ್ದರೆ ಎರಡು ವಾರ ಕಾಯಬೇಡ, ಆ ಕ್ಷಣವೇ.

ನೋಡೋಕೆ ಬರುವವರ ಮಾತು ಇನ್ನೊಂದು ಪೆಟ್ಟು. ಯಾವ ಪಾಪಕ್ಕೆ ಹೀಗಾಯಿತೋ ಅಂದರೆ ಯೋಹಾನನ ಸುವಾರ್ತೆ 9ನೇ ಅಧ್ಯಾಯ ನೆನಪಿಸಿಕೋ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಅದನ್ನೇ ಕೇಳಿದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂದ ಯೇಸು. ನಂಬಿಕೆ ಇದ್ದಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗುತ್ತಿತ್ತು ಅನ್ನುವವರೂ ಬರುತ್ತಾರೆ. ಪೌಲ ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿದ, ಮುಳ್ಳು ಉಳಿಯಿತು, ಕೃಪೆ ಸಾಕು ಅನ್ನೋ ಉತ್ತರ ಬಂತು. ಅವನಿಗೆ ನೆರವು ತಂದ ಎಪಫ್ರೊದೀತ ಸಾಯೋ ಹಾಗೆ ಮಲಗಿದ. ಅವನು ಹೋಗಿಬಿಟ್ಟಿದ್ದರೆ ದುಃಖದ ಮೇಲೆ ದುಃಖವಾಗುತ್ತಿತ್ತು ಅಂತ ಪೌಲ ಫಿಲಿಪ್ಪಿಯವರ ಪತ್ರದ 2ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಪೌಲನ ಜೊತೆಗಾರ ಲೂಕ ವೈದ್ಯ. ಹಿಜ್ಕೀಯ ರಾಜನ ಹುಣ್ಣಿಗೆ ಪ್ರವಾದಿ ಯೆಶಾಯ ಅಂಜೂರದ ಪಟ್ಟು ಹಾಕಿಸಿದ. ಪ್ರಾರ್ಥನೆಯೂ ಮದ್ದೂ ಸತ್ಯವೇದದಲ್ಲಿ ಜಗಳವಾಡುವುದಿಲ್ಲ. ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲು ಬಂದರೆ ಸಂತೋಷವಾಗಿ ಕರೆ, ಯಾಕೋಬನ ಪತ್ರದಲ್ಲೇ ಇದೆ. ಎಣ್ಣೆ ಹಣೆಗೆ ಸಾಕು, ಹೊಲಿಗೆಯ ಮೇಲೆ ಬೇಡ.

ಹಾಗೇ, ಆಂಧ್ರದ ಪುತ್ತೂರಿನ ನಾಟಿ ಮೂಳೆಕಟ್ಟು ಕಟ್ಟಿಸೋಣ, ಕಾರು ಮಾಡಿಕೊಂಡು ಹೋಗಿಬರೋಣ ಅನ್ನುವವರು ನಮ್ಮ ಜಿಲ್ಲೆಗಳಲ್ಲಿ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಒಳಗೆ ಪ್ಲೇಟು ಕೂತು ಹೊಲಿಗೆ ಬಿದ್ದ ಕಾಲನ್ನು ತಿಕ್ಕಿ ಬಿಗಿಯಾಗಿ ಕಟ್ಟಿಸಬಾರದು. ಬೆರಳು ಬಿಳುಪಾದರೆ, ನೀಲಿಯಾದರೆ, ಮರಗಟ್ಟಿದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಿದ್ದರೆ, ಮೀನಖಂಡ ಗಟ್ಟಿಯಾಗಿ ಊದಿ ನೋಯುತ್ತಿದ್ದರೆ, ಹೊಲಿಗೆಯಿಂದ ಕೀವು ಬಂದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿಸು, ಪ್ರಾರ್ಥನೆ ಆಂಬುಲೆನ್ಸಿನಲ್ಲಿ ಮಾಡಬಹುದು.

ಕುಂಟು ಉಳಿದುಬಿಟ್ಟರೆ ಅಂತ ಸೊಸೆಯ ಹತ್ತಿರ ಕಣ್ಣೀರು ಹಾಕಿದೆಯಂತೆ. ವ್ಯಾಯಾಮ ಬಿಡದಿದ್ದರೆ ನಡಿಗೆ ಸುಧಾರಿಸುತ್ತಾ ಹೋಗುತ್ತದೆ. ಸಂಜೆ ಹೊತ್ತಿನ ಊತ ಮಾತ್ರ ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡ. ಅಕಸ್ಮಾತ್ ಸ್ವಲ್ಪ ಉಳಿದರೂ, ಆದಿಕಾಂಡದ ಯಾಕೋಬನು ದೇವರೊಡನೆ ಹೋರಾಡಿ ಆಶೀರ್ವಾದ ಪಡೆದು ಹೊರಟ ಬೆಳಿಗ್ಗೆ ಕುಂಟುತ್ತಲೇ ಹೊರಟ.

ಸಭೆಯವರು ದುಡ್ಡು ಕೊಡಲು ಬಂದಾಗ ಬೇಡ ಅಂದೆಯಂತೆ. ಇದು ಸರಿಯಲ್ಲ. ನಾನು ಓದು ಅಂದ ಆ ಹನ್ನೊಂದು ವಚನ ಅಸಲಿಗೆ ಏನು ಗೊತ್ತಾ? ಫಿಲಿಪ್ಪಿಯವರು ಕಳಿಸಿದ ನೆರವಿಗೆ ಪೌಲ ಬರೆದ ಉತ್ತರ. ಕೊರತೆಯಲ್ಲೂ ಇರಬಲ್ಲೆ ಅಂದವನೇ, ನನ್ನ ಕಷ್ಟದಲ್ಲಿ ನೀವು ಪಾಲುಗೊಂಡದ್ದು ಒಳ್ಳೆಯದಾಯಿತು ಅಂತ ಅವರು ಕಳಿಸಿದ್ದನ್ನು ಇಟ್ಟುಕೊಂಡ. ಆ ದುಡ್ಡು ಟೆಂಪೋ ಕಂತಿಗೆ ಹೋಗಲಿ. ಫೈನಾನ್ಸಿನವರ ಹತ್ತಿರ ಕಂತು ತಪ್ಪುವ ಮೊದಲೇ ಆಸ್ಪತ್ರೆ ಚೀಟಿ ತೋರಿಸಿ ಸಮಯ ಕೇಳು, ತಪ್ಪಿದ ಮೇಲೆ ಕೇಳಿದರೆ ದಂಡ. ಗಾಡಿಯನ್ನು ತಮ್ಮನ ಕೈಗೆ ಕೊಡುವ ಮೊದಲು ಅವನ ಲೈಸೆನ್ಸು ನೋಡು. ಚರ್ಚಿಗೆ ಹೋಗಲಾಗಲಿಲ್ಲ ಅನ್ನೋ ಕೊರಗು ಬೇಡ. ಪಾಸ್ಟರ್ ಅಯ್ಯನವರಿಗೆ ಹೇಳಿ ಕಳಿಸಿದರೆ ಮನೆಗೇ ಬಂದು ಕರ್ತನ ಭೋಜನ ಕೊಡುತ್ತಾರೆ.

ಆರನೇ ವಾರದ ಎಕ್ಸರೇ ಆದಮೇಲೆ ಒಂದೇ ಸಲ ಪೂರ್ತಿ ಭಾರ ಹಾಕಿಸುವುದಿಲ್ಲ. ಇಷ್ಟು ಕೆಜಿ ಅಂತ ಹೇಳುತ್ತಾರೆ, ಹೇಳದಿದ್ದರೆ ನೀನೇ ಕೇಳು. ತೂಕದ ಯಂತ್ರ ನೆಲಕ್ಕಿಟ್ಟು, ಪಕ್ಕದಲ್ಲಿ ಅಷ್ಟೇ ಎತ್ತರದ ಹಲಗೆ ಇಟ್ಟು, ಎಡಗಾಲು ಹಲಗೆ ಮೇಲೆ, ಬಲಗಾಲು ಯಂತ್ರದ ಮೇಲೆ. 10 ಅಂದಿದ್ದರೆ, ಊರುಗೋಲು ಬಿಗಿಯಾಗಿ ಹಿಡಿದು ಮುಳ್ಳು 10 ಕೆಜಿಗೆ ಬರೋ ತನಕ ಒತ್ತು. ಆ ಒತ್ತಡ ಪಾದಕ್ಕೆ ಗುರುತಾಗೋ ತನಕ ಮಾಡು. ಮುಂದೆ 20 ಅಂದಾಗ 20. ಬಲಗಾಲೇ ಬ್ರೇಕಿನ ಕಾಲಾದ್ದರಿಂದ, ನೋವಿಲ್ಲದೆ ಜೋರಾಗಿ ಬ್ರೇಕ್ ಒತ್ತಿ ಹಿಡಿಯುವಂತಾಗಿ ಡಾಕ್ಟರು ಸರಿ ಅನ್ನೋ ತನಕ ಟೆಂಪೋ ಹತ್ತಬೇಡ.

ಹಳೆಯ ಎಕ್ಸರೇಗಳನ್ನೂ ಜೊತೆಗೆ ತಗೊಂಡು ಹೋಗು, ಹೊಸದರ ಪಕ್ಕ ಇಟ್ಟು ನೋಡಬೇಕಾಗುತ್ತದೆ. ಎಷ್ಟು ಕೆಜಿ ಅಂದರು ಅಂತ ಅವತ್ತು ಸಂಜೆ ನೀನೇ ಫೋನ್ ಮಾಡಿ ಹೇಳು, ನಿಮ್ಮಮ್ಮನ ಕೈಲಿ ಹೇಳಿಸಬೇಡ.

ನಿನ್ನ
ದೊಡ್ಡಮ್ಮ